ಬೈರಮ್ಮಜ್ಜಿಗೆ ನಾನು ಬರೆದ ಶ್ರದ್ಧಾಂಜಲಿ

ಶರಾವತಿ ಹಿನ್ನೀರಿನಲ್ಲಿ ನಡುಗುಡ್ಡ ಎಂಬ ದ್ವೀಪವಿದೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಸುತ್ತಲಿನ ಊರುಗಳೆಲ್ಲ ಮುಳುಗಿ, ಈ ಗುಡ್ಡದ ನೆತ್ತಿಯೊಂದೇ ಉಳಿಯಿತು. ಅಲ್ಲಿನವರ ಚರಿತ್ರೆ ಬರೆಯಲು ಸಾಗರದಲ್ಲಿ ನನಗಿಂತ ಯೋಗ್ಯರಿಲ್ಲವೆಂದು ನಾನೇ ತೀರ್ಮಾನಿಸಿದೆ. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು, ಬೇಕಾದಷ್ಟು ರಜೆ. ಇನ್ನೇನು ಬೇಕು?

ಬೇಕಾದದ್ದನ್ನೆಲ್ಲ ಕೊಟ್ಟವರು ಬೈರಮ್ಮಜ್ಜಿ. ರಜೆ ಬಂದಾಗಲೆಲ್ಲ ದೋಣಿ ಹತ್ತಿ ಅವರ ಜಗಲಿಯಲ್ಲಿ ಕೂರುತ್ತಿದ್ದೆ. ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ, ಮದುವೆಯ ಹಾಡು, ಮುಳುಗಡೆಯ ದಿನಗಳು, ಎಲ್ಲ ಅವರೇ ಹೇಳಿದ್ದು.

ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಏನೋ ಕೇಳಲು ಪಕ್ಕದ ಮನೆಯ ತಿಮ್ಮಪ್ಪನಿಗೆ ಫೋನ್ ಮಾಡಿದೆ.

"ಅಜ್ಜಿ ಬೆಳಿಗ್ಗೆ ಹೋಗ್ಬಿಟ್ರು ಮಾರಾಯ್ರೆ..." ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ನಾನು ಅತ್ತೆ. ಹೆಂಡತಿ ಸುಮಾ, "ಒಂದ್ಸಲ ಹೋಗಿ ಮನೆಯೋರನ್ನ ಮಾತಾಡ್ಸಿ ಬನ್ರಿ" ಎಂದಳು.

"ಪುಸ್ತಕದ ಜೊತೆಗೇ ಹೋಗೋಣ. ಅದೇ ನಿಜವಾದ ಶ್ರದ್ಧಾಂಜಲಿ!" ಎಂದೆ ಗಂಭೀರವಾಗಿ. ಮೊದಲ ಹಾಳೆಯಲ್ಲಿ ಅಜ್ಜಿಯ ಬಗ್ಗೆ ಮನಸಾರೆ ಬರೆದೆ.

ದ್ವೀಪದ ಶಾಲೆಯಲ್ಲೇ ಪುಸ್ತಕ ಬಿಡುಗಡೆ. ಆ ದಿನ ನಾನೂ ಸುಮಾಳೂ ಹತ್ತಿದ ದೋಣಿ ದಡಕ್ಕೆ ತಾಗಿತು. ದಡದಲ್ಲಿ ಅಬ್ಬಲಿಗೆ ಹೂವು ಹಿಡಿದು ನಿಂತಿದ್ದವರು ಬೈರಮ್ಮಜ್ಜಿ!

"ಬಂದ್ರಾ ಮೇಷ್ಟ್ರೆ? ಹೊಸನಗರದಲ್ಲಿ ಮೊಮ್ಮಗಳ ಬಾಣಂತನ ಮುಗಿಸಿ ಮೊನ್ನೆ ಬಂದೆ."

ಸುಮಾ ನನ್ನನ್ನೂ ಪುಸ್ತಕದ ಕಟ್ಟುಗಳನ್ನೂ ಶಾಲೆಯ ಬಿಸಿಯೂಟದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಮೊದಲ್ನೇ ಹಾಳೆ ಹರೀರಿ!"

ಹರಿದೆವು. ಆದರೆ ಹೊಲಿಗೆ ಹಾಕಿದ ಪುಸ್ತಕ. ಒಂದು ಹಾಳೆ ಎಳೆದರೆ ಅದರ ಜೋಡಿ ಹಾಳೆಯೂ ಕಿತ್ತು ಬಂತು. ಅದರಲ್ಲಿದ್ದದ್ದು ಮುಳುಗಡೆಯ ಕಥೆ. ಪಾಪ, ಆ ಊರುಗಳು ನನ್ನ ಕೈಯಲ್ಲಿ ಇನ್ನೊಮ್ಮೆ ಮುಳುಗಿದವು!

ಬೆವರು ಒರೆಸಿಕೊಂಡು ಹೊರಗೆ ಬಂದರೆ ಹೆಡ್‌ಮಾಸ್ಟರು ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚುತ್ತಿದ್ದರು. ಬಿಡುಗಡೆಗೆಂದು ಬೇರೆಯಾಗಿ ಸುತ್ತಿಟ್ಟ ಪ್ರತಿ ನಮಗೆ ಮರೆತೇ ಹೋಗಿತ್ತು! ಮೊದಲ ಹಾಳೆ ತೆರೆದವರೇ ಮೈಕಿನಲ್ಲಿ ಗಟ್ಟಿಯಾಗಿ ಓದತೊಡಗಿದರು.

"ನಮ್ಮನ್ನಗಲಿದ ಬೈರಮ್ಮಜ್ಜಿ..."

ಜನ ಹೋ ಎಂದು ನಕ್ಕರು. ಹೆಡ್‌ಮಾಸ್ಟರು ಗಾಬರಿಯಾಗಿ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಎಲೆಯಡಿಕೆ ಜಗಿಯುವುದನ್ನು ಬಿಟ್ಟು, "ಓದಿ, ಓದಿ" ಎಂದರು.

"ಅವರು ಮುಳುಗಡೆಯ ಕಥೆ ಹೇಳುವಾಗ ಯಾವಾಗಲೂ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಹಿಡಿಯಲಾಗದೆ ಹಲಸಿನ ಮರದ ಮೇಲೆ ಬಿಟ್ಟು ಬಂದ ಕೋಳಿಗಳನ್ನು ಹೆಸರು ಹಿಡಿದು ನೆನೆಯುತ್ತಿದ್ದರು..."

ನಗು ತಾನಾಗಿ ನಿಂತಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಮೇಷ್ಟ್ರೆ, ನಾನ್ ಸತ್ತಿದ್ದು ಯಾವಾಗ?"

"ಹೋದ ಮಳೆಗಾಲದಲ್ಲಿ, ಅಜ್ಜಿ" ಎಂದೆ. ಇತಿಹಾಸದ ಮೇಷ್ಟ್ರಿಗೆ ಯಾರಾದರೂ ಕಾಲ ಕೇಳಿದರೆ ಬಾಯಿ ಸುಮ್ಮನಿರುತ್ತದೆಯೇ?

ಅಜ್ಜಿ ಮೈ ಕುಲುಕಿಸಿ ನಕ್ಕರು. ನಂತರ ದನಿ ಇಳಿಸಿ, "ನಾನ್ ನೀರಿಗೆ ಬೆನ್ನು ಹಾಕಿ ಕೂರೋದು ನಮ್ಮನೆಯೋರೂ ನೋಡ್ಲಿಲ್ಲ. ನೀವ್ ನೋಡಿದ್ರಲ್ಲ!" ಎಂದು ಹೂವನ್ನು ನನ್ನ ಕೈಗಿಟ್ಟರು.

ಆಮೇಲೆ ಎಲ್ಲರಿಗೂ ಪುಸ್ತಕ ಹಂಚಿದೆವು. ತಿಮ್ಮಪ್ಪ ತನ್ನದನ್ನು ತಿರುವಿ, "ನಮ್ಮ ಪುಸ್ತಕದಲ್ಲಿ ಆ ಹಾಳೆ ಇಲ್ವಲ್ರೀ!" ಎಂದ. ಎಲ್ಲರದ್ದೂ ಅದೇ ಗಲಾಟೆ. ಸುಮಾ ಹೋಗಿ ಹರಿದ ಹಾಳೆಗಳನ್ನೆಲ್ಲ ತಂದು ಹಂಚಿದಳು. ಜನ ಅದನ್ನು ಜೋಪಾನವಾಗಿ ಮಡಚಿ ಜೇಬಿಗೆ, ಸೆರಗಿನ ಗಂಟಿಗೆ ಸೇರಿಸಿಕೊಂಡು ಖುಷಿಯಿಂದ ಮನೆಗೆ ಹೋದರು.

ಪುಸ್ತಕಗಳು ಬೆಂಚಿನ ಮೇಲೆಯೇ ಉಳಿದವು. ನಾನೂ ಸುಮಾಳೂ ಅವನ್ನು ವಾಪಸ್ ದೋಣಿಗೆ ಹೊತ್ತೆವು.

"ಬರುವಾಗ ಇದ್ದದ್ದಕ್ಕಿಂತ ಸ್ವಲ್ಪ ಹಗುರ ಆಗಿದೆ, ಅಲ್ವೇನ್ರಿ?" ಎಂದಳು ಸುಮಾ.

ಹೌದು. ಇಡೀ ಪುಸ್ತಕದಲ್ಲಿ ಓದುವಂತಿದ್ದ ಒಂದೇ ಹಾಳೆಯನ್ನು ಊರಿನವರೇ ಇಟ್ಟುಕೊಂಡಿದ್ದರು!