ಉಪ್ಪಿಲ್ಲದೆ ಉಬ್ಬಬೇಕಾದ ಬ್ರೆಡ್ಡು

ನಮ್ಮ ಕೊಪ್ಪದಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಿಂದ ಮನೆವರೆಗೆ ನಡೆದರೆ ಸಾಕು, ದಾರಿಯಲ್ಲಿ ಸಿಕ್ಕವರೆಲ್ಲ "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಾರೆ. ಜ್ವರ ಬಿಟ್ಟವರು, ಆಪರೇಷನ್ ಆದವರು, ಇವರಿಗಷ್ಟೇ ಅದರ ಮೇಲೆ ಹಕ್ಕು. ಗಟ್ಟಿಮುಟ್ಟಾದವರು ಬ್ರೆಡ್ಡು ತಿಂದರೆ ಅದನ್ನು ಸೋಮಾರಿತನ ಎನ್ನುತ್ತಾರೆ. ಹೀಗಿರುವಾಗ ಮನೆಯಲ್ಲೇ ಮಿಷನ್ ಇಟ್ಟುಕೊಂಡು ದಿನಾ ಬ್ರೆಡ್ಡು ಮಾಡುವವಳ ಮನೆಯ ಕತೆ ಏನಿರಬಹುದೆಂದು ನೀವೇ ಊಹಿಸಿ.

ನನ್ನ ಗಂಡ ಬಸರೀಕಟ್ಟೆ ಕಡೆಯ ಎಸ್ಟೇಟುಗಳಿಗೆ ಜೀಪು ಓಡಿಸುತ್ತಿದ್ದರು. ಅವರ ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದಾಗ ನಾನು ನಂಬಲಿಲ್ಲ. ರವಿಕೆ ಹೊಲಿದು ಬದುಕುವ ನನಗೆ ಅಳತೆ ತಪ್ಪುವುದು ಕಡಿಮೆ, ಅದರಲ್ಲೂ ಸ್ವಂತ ಗಂಡನದು. ಡಾಕ್ಟರು ನಗಲಿಲ್ಲ. ಉಪ್ಪು ಮುಟ್ಟಬಾರದು, ಮುಟ್ಟಿದರೆ ಪಾದಕ್ಕೆ ನೀರು ತುಂಬುತ್ತದೆ, ಆಮೇಲೆ ಎದೆಗೆ, ಆಮೇಲೆ ನಾವು ಮಾಡುವಂಥದ್ದೇನೂ ಉಳಿಯುವುದಿಲ್ಲ ಎಂದರು. ಅಪ್ಪೆಮಿಡಿ ಉಪ್ಪಿನಕಾಯಿಯಿಲ್ಲದೆ ತುತ್ತೆತ್ತದ ಮನುಷ್ಯ ಸಪ್ಪೆ ಗಂಜಿಯ ತಟ್ಟೆಯನ್ನು ನನ್ನ ಕಡೆಗೇ ತಳ್ಳತೊಡಗಿದರು. ತಿಂಗಳೊಳಗೆ ಅವರ ಅಂಗಿಗಳನ್ನೆಲ್ಲ ನಾನು ಒಳಹೊಲಿಗೆ ಹಾಕಿ ಚಿಕ್ಕದು ಮಾಡಬೇಕಾಯಿತು. ಬ್ರೆಡ್ಡನ್ನು ಹಾಲಿಗೆ ಅದ್ದಿ ಕೊಟ್ಟರೆ ಮಾತ್ರ ತಿನ್ನುತ್ತಿದ್ದರು. ಆದರೆ ಅಂಗಡಿ ಬ್ರೆಡ್ಡಿನಲ್ಲೂ ಉಪ್ಪಿರುತ್ತದಂತೆ. ಆಗ ಎನ್.ಆರ್.ಪುರದ ನಾದಿನಿ ಶಾರದಾ, ಆನ್‌ಲೈನಿನಲ್ಲಿ ತರಿಸಿ ಅಟ್ಟಕ್ಕೆ ಹಾಕಿದ್ದ ಬ್ರೆಡ್ ಮಿಷನ್ನನ್ನು ತಂದುಕೊಟ್ಟಳು.

ಉಪ್ಪಿಲ್ಲದ ಹಿಟ್ಟಿಗೆ ಲಂಗುಲಗಾಮಿಲ್ಲ ಎಂದು ಆಮೇಲೆ ಗೊತ್ತಾಯಿತು. ಮಿಷನ್ನಿನ ಮುಚ್ಚಳದ ಗಾಜಿನಲ್ಲಿ ನೋಡಿದರೆ ಸರಸರನೆ ಮೇಲೇರುತ್ತದೆ, ಬೇಯುವ ಹೊತ್ತಿಗೆ ಉಸ್ಸೆಂದು ಕೂತುಬಿಡುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ನಡುವೆ ಒಂದು ಗುಂಡಿ. ಮೊಸರು ಹಾಕಿದೆ, ನಿಂಬೆರಸ ಹಿಂಡಿದೆ, ಶುಂಠಿಪುಡಿ ಉದುರಿಸಿದೆ, ಯೀಸ್ಟು ಕಮ್ಮಿ ಮಾಡಿದೆ, ತಣ್ಣೀರಲ್ಲಿ ಕಲಸಿದೆ. ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳಿದರು, ಕೊನೆಗೆ ಎಲ್ಲರೂ "ಚಿಟಿಕೆ ಉಪ್ಪು ಹಾಕು ಮಾರಾಯ್ತಿ" ಎಂದೇ ಮುಗಿಸಿದರು. ನಾನು ದಿನಾ ಗುಂಡಿ ನೋಡಿಕೊಂಡು ಒಲೆಯ ಪಕ್ಕ ನಿಂತಿರುತ್ತಿದ್ದೆ. ಮೈದಾಹಿಟ್ಟಿಗೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತಿದ್ದೇನೆ.

ಒಂದು ದಿನ ಅದು ಉಬ್ಬಿತು. ಮುಚ್ಚಳಕ್ಕೆ ತಾಗುವಂತೆ, ಗುಂಡಗೆ, ಕೆಂಪಗೆ. ನಾನು ಕುಣಿಯಲಿಲ್ಲ ಅಷ್ಟೇ. ಹಿಂದಿನ ದಿನ ಶುಂಠಿ ಸ್ವಲ್ಪ ಜಾಸ್ತಿ ಬಿದ್ದಿತ್ತು, ಕೀರ್ತಿಯನ್ನೆಲ್ಲ ಅದಕ್ಕೇ ಕೊಟ್ಟೆ. ಶಾರದಾಗೆ ಫೋಟೋ ಕಳಿಸಿ, ಫೋನು ಮಾಡಿ, ನೈಸರ್ಗಿಕವಾಗಿ ಬ್ರೆಡ್ಡು ಉಬ್ಬಿಸುವ ಬಗ್ಗೆ ಪಾಠವನ್ನೂ ಹೇಳಿದೆ. ಪಕ್ಕದ ಬಳೆ ಅಂಗಡಿಯ ಖತೀಜಾಳಿಗೆ ಎರಡು ಹೋಳು ಕೊಟ್ಟೆ. ಆ ವಾರವೆಲ್ಲ ಬ್ರೆಡ್ಡು ಉಬ್ಬುತ್ತಲೇ ಇತ್ತು, ಇವರು ಕೇಳಿ ಹಾಕಿಸಿಕೊಂಡು ತಿಂದರು. ಸಪ್ಪೆ ಬ್ರೆಡ್ಡನ್ನು ಮೊದಲ ದಿನವೇ ತಿಂದು ಸಾಕಾಗಿದ್ದ ನಾನು ಬರೀ ನೋಡಿ ಸಂತೋಷಪಟ್ಟೆ.

ವಾರದ ಕೊನೆಗೆ ಅವರ ಪಾದಗಳೂ ಉಬ್ಬಿದವು. ಬೆರಳಿಂದ ಒತ್ತಿದರೆ ಕುಳಿ ಹಾಗೇ ನಿಲ್ಲುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಉಪ್ಪು ಕೊಟ್ಟಿರಾ ಎಂದು ಗದರಿದರು. ದೇವರಾಣೆ ಇಲ್ಲ ಎಂದೆ. ಇವರು ಗೋಡೆ ನೋಡುತ್ತಿದ್ದರು. ಸೂಜಿ ಚುಚ್ಚಿ, ನೀರಿಳಿಸಿ, ಈ ಸಲ ಬಚಾವು ಎಂದು ಹೇಳಿ ಮನೆಗೆ ಕಳಿಸಿದರು. ನೋಡಲು ಬಂದ ಖತೀಜಾ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ಎಂತ ಮಾರಾಯ್ತಿ, ಅವ್ರಿಗೆ ಉಪ್ಪು ಆಗಲ್ಲ ಅಂತಿದ್ದೆ. ನೀ ಕೊಟ್ಟ ಬ್ರೆಡ್ಡಲ್ಲಿ ಉಪ್ಪು ಹದವಾಗಿ ಇತ್ತಲ್ಲ" ಎಂದಳು.

ಒಳಗೆ ಹೋಗಿ ಕೇಳಿದೆ. ರಾತ್ರಿ ಹಿಟ್ಟು ಹಾಕಿಟ್ಟು ನಾನು ಸ್ನಾನಕ್ಕೆ ಹೋದಾಗ ಮಿಷನ್ನಿಗೆ ಒಂದು ಚಮಚ ಉಪ್ಪು ಹಾಕುತ್ತಿದ್ದರಂತೆ.

"ಬಾಯಿರುಚಿಗೆ ಸಾಯಬೇಕಾ?" ಎಂದೆ.

"ರುಚಿಗೂ ಹೌದು, ಸುಳ್ಳು ಹೇಳಲ್ಲ" ಎಂದರು. ಆಮೇಲೆ, "ದಿನಾ ಬೆಳಿಗ್ಗೆ ಆ ಗುಂಡಿ ನೋಡ್ಕಂಡು ನಿಂತಿರ್ತಿದ್ಯಲ್ಲ. ನನ್ನ ಗುಂಡಿನೇ ನೋಡ್ತಿದ್ದೀಯೇನೋ ಅನ್ಸದು. ಒಂದಿನ ಆದ್ರೂ ನಗಾಡ್ಲಿ ಅಂತ ಹಾಕ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಉಪ್ಪಿನ ಡಬ್ಬಿಯನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಶುಂಠಿ ಹಾಕಿದರೂ ನಮ್ಮದು ಯಾಕೆ ಉಬ್ಬುತ್ತಿಲ್ಲ ಎಂದು ಶಾರದಾ ಈಗಲೂ ಫೋನು ಮಾಡುತ್ತಾಳೆ. ಮಿಷನ್ನು ಕೊಟ್ಟಮೇಲೆ ಕುಕ್ಕರಿನಲ್ಲಿ ಪ್ರಯತ್ನಿಸುತ್ತಿದ್ದಾಳೆ, ಪಾಪ. ಅವಳಿಗೆ ಏನು ಹೇಳಲಿ?

ಈಗ ಬೆಳಿಗ್ಗೆ ಮುಚ್ಚಳ ತೆಗೆದಾಗ ಗುಂಡಿ ಕಂಡರೆ ನನಗೆ ನೆಮ್ಮದಿ. ಮೊನ್ನೆ ಮಾತ್ರ, ಹವೆ ತಂಪಾಗಿತ್ತೋ, ಯೀಸ್ಟು ಹದಕ್ಕೆ ಬಂದಿತ್ತೋ, ಬ್ರೆಡ್ಡು ತಾನಾಗಿಯೇ ಉಬ್ಬಿ ನಿಂತಿತ್ತು. ಬೀಗ ನೋಡಿದೆ, ಹಾಗೇ ಇತ್ತು. ನಾಲ್ಕೂ ಮೂಲೆ ಮುರಿದು ತಿಂದೆ, ಸಪ್ಪೆ. ಇಷ್ಟು ದಿನ ಒದ್ದಾಡಿದ ವಿದ್ಯೆ ಕಡೆಗೂ ಕೈಗೆ ಹತ್ತಿತ್ತು. ಆದರೂ ಒಳಗೆ ಹೋಗಿ, ನಿದ್ದೆಯಲ್ಲಿದ್ದ ಗಂಡನ ಹೊದಿಕೆ ಸರಿಸಿ, ಪಾದ ಒತ್ತಿ ನೋಡುತ್ತ ಕೂತೆ.