ಅಪ್ಪನ ಕಾರಿಗೆ ಗಿರಣಿಯ ಎಂಜಿನ್

ನಮ್ಮ ಮನೆಯಲ್ಲಿ ಯಾರೂ ಮಾತಿಗೆ ಅಂತ ಮಾತಾಡುವ ಹಾಗಿಲ್ಲ. ನಮ್ಮವರು, ಅಂದರೆ ನನ್ನ ಗಂಡ, ಅದನ್ನೇ ನಿಜವೆಂದು ಹಿಡಿದು, ಮಾಡಿ ಮುಗಿಸಿಬಿಡುತ್ತಾರೆ. ಒಂದು ಬೇಸಿಗೆಯಲ್ಲಿ ನಾನು, ಈ ಅಡುಗೆಮನೆಗೆ ಒಂದು ಕಿಟಕಿಯೂ ಇಲ್ಲ ಅಂತ ಗೊಣಗಿದ್ದೆ. ಸಾಲೆ ಮುಗಿಸಿ ಬರುವಷ್ಟರಲ್ಲಿ ಗೋಡೆಗೆ ತೂತು ಬಿದ್ದಿತ್ತು. ಕಿಟಕಿ ಬರುವುದಕ್ಕೆ ಮಾತ್ರ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಓಣಿಯ ಬೆಕ್ಕುಗಳೆಲ್ಲ ಅಲ್ಲಿಂದಲೇ ಓಡಾಡಿಕೊಂಡಿದ್ದವು.

ಹೀಗಾಗಿ ಇಂಥವು ನಮ್ಮಲ್ಲಿ ವರ್ಷಕ್ಕೊಂದಾದರೂ ನಡೆಯುತ್ತಲೇ ಇರುತ್ತವೆ. ಅವುಗಳಲ್ಲಿ ದೊಡ್ಡದು ಎಂಬತ್ತರ ದಶಕದಲ್ಲಿ, ಆಳಂದದ ನಮ್ಮ ಅಂಗಳದಲ್ಲಿ ನಡೆದ ಎಂಜಿನ್ ಪ್ರಕರಣ. ನಮ್ಮವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು, ನಾನು ಕನ್ನಡ ಸಾಲೆಯ ಅಕ್ಕೋರು. ಎಂಜಿನ್ನಿನ ಗಂಧಗಾಳಿ ಇಬ್ಬರಿಗೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

೧. ಅವ್ವನ ಕರಾರು

ನನ್ನ ತವರು ಅಫಜಲಪುರ ತಾಲೂಕಿನ ಗೊಬ್ಬೂರು. ಅಪ್ಪನ ಹತ್ತಿರ ಒಂದು ಹಳೆಯ ಕಾರಿತ್ತು. ನಿಜಾಮರ ಕಾಲದ ಯಾರೋ ಸಾಹೇಬರಿಂದ ಹೈದರಾಬಾದಿನಲ್ಲಿ ಕೊಂಡದ್ದು. ಗುಂಡು ಮೂತಿ, ಎರಡು ದೊಡ್ಡ ದೀಪ, ಒಳಗೆ ಗಾದಿಯಂಥ ಸೀಟು. ಮದುವೆಗಿರಲಿ, ತೊಟ್ಟಿಲಿಗಿರಲಿ, ಅವ್ವ ಊರು ಬಿಟ್ಟು ಹೋದರೆ ಅದರಲ್ಲೇ ಹೋಗುತ್ತಿದ್ದಳು. ಅಪ್ಪ ತೀರಿಕೊಂಡ ವರ್ಷವೇ ಅದರ ಎಂಜಿನ್ನೂ ಜಾಮಾಗಿ ನಿಂತಿತು. ಅಣ್ಣ ಕೊಟ್ಟಿಗೆಯ ಪಕ್ಕದಲ್ಲಿ ಅದಕ್ಕೆ ತಾಡಪತ್ರಿ ಹೊದಿಸಿದ.

ಅಂದಿನಿಂದ ಅವ್ವ ಊರಿನ ಹೊರಗೆ ಕಾಲಿಡಲಿಲ್ಲ. ಮನೆಯಲ್ಲಿ ಅಣ್ಣ, ಅತ್ತಿಗೆ, ನಾಲ್ಕು ಮೊಮ್ಮಕ್ಕಳು, ಮೂರು ಎಮ್ಮೆ. ಅವಳಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಆದರೆ ನಾನು ಆಳಂದದಲ್ಲಿ ಸಂಸಾರ ಹೂಡಿ ಆರು ವರ್ಷವಾಗಿದ್ದರೂ ನನ್ನ ಮನೆ ಹೇಗಿದೆ ಅಂತ ಅವಳು ಕಂಡಿರಲಿಲ್ಲ. ನಾನು ಬಡಿದ ರೊಟ್ಟಿಯನ್ನು ಅವ್ವ ನನ್ನ ಮನೆಯಲ್ಲಿ ಕೂತು ತಿನ್ನಬೇಕು ಅನ್ನುವುದೊಂದೇ ನನ್ನ ಆಸೆ. ಕರೆಯಲು ಹೋದಾಗೆಲ್ಲ, ಬಸ್ಸಿನಲ್ಲಿ ಹೊಟ್ಟೆ ತೊಳೆಸುತ್ತದೆ ಅನ್ನುತ್ತಿದ್ದಳು. ಜೀಪು ತರುತ್ತೇನೆ ಅಂದರೆ ಧೂಳು ಅನ್ನುತ್ತಿದ್ದಳು.

ಆ ವರ್ಷ ಯುಗಾದಿಗೆ ಹೋದಾಗ ನಮ್ಮವರೇ ಕೈಮುಗಿದು ಕರೆದರು. ಅಳಿಯನ ಮಾತನ್ನು ತೆಗೆದುಹಾಕಲಾಗದೆ ಅವ್ವ ಸೆರಗು ಸರಿಮಾಡಿಕೊಂಡಳು.

"ನಿಮ್ಮ ಮಾವನೋರ ಕಾರು ತಾನಾಗೇ ನಡದು ಬಂದು ಬಾಗಲಿಗೆ ನಿಂದ್ರಲಿ, ಬರ್ತೇನ್ರಿ," ಅಂದಳು.

ಬರುವುದಿಲ್ಲ ಅನ್ನುವುದನ್ನೇ ಮರ್ಯಾದೆಯಿಂದ ಹೇಳುತ್ತಿದ್ದಾಳೆ ಅಂತ ಕೊಟ್ಟಿಗೆಯ ಎಮ್ಮೆಗಳಿಗೂ ತಿಳಿದಿತ್ತು. ನಾನು ಹೊರಗೆ ಬಂದು ನೋಡಿದರೆ, ನಮ್ಮವರು ಆಗಲೇ ತಾಡಪತ್ರಿ ಎತ್ತಿ ಹಗ್ಗದಿಂದ ಕಾರಿನ ಉದ್ದ ಅಳೆಯುತ್ತಿದ್ದರು.

೨. ಎರಡು ಎತ್ತಿನ ಕಾರು

ಕಾರನ್ನು ಆಳಂದಕ್ಕೆ ತರಬೇಕಲ್ಲ, ಅಣ್ಣ ತನ್ನ ಎತ್ತುಗಳನ್ನೇ ಕಟ್ಟಿದ. ಅಣ್ಣನ ಆಳು ಎತ್ತುಗಳ ಪಕ್ಕದಲ್ಲಿ ನಡೆದ. ನಮ್ಮವರು ಒಳಗೆ ಸ್ಟೇರಿಂಗ್ ಹಿಡಿದು ಕೂತರು. ನಾನು ಮರ್ಯಾದೆಗೆ ಅಂಜಿ ಬಸ್ಸಿನಲ್ಲಿ ಬಂದೆ. ಮುಂದಿನದು ಆ ಆಳು ಹೇಳಿದ್ದು.

ಎತ್ತುಗಳು ಚಳಿಗಾಲವೆಲ್ಲ ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆದಿದ್ದವು. ಕವಲು ದಾರಿ ಬಂದಾಗ, ಯಾರನ್ನೂ ಕೇಳದೆ, ರೂಢಿಯಂತೆ ಆ ಕಡೆ ತಿರುಗಿದವು. ಆಳು ಹಿಂದೆ ಬೀಡಿ ಹಚ್ಚಲು ನಿಂತಿದ್ದ. ನಮ್ಮವರು ಸ್ಟೇರಿಂಗನ್ನು ಎಷ್ಟು ಈ ಕಡೆ ತಿರುವಿದರೂ ಎತ್ತುಗಳು ಒಪ್ಪಲಿಲ್ಲ. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಪಾಳಿ ಇತ್ತು. ಎತ್ತುಗಳು ಹೋಗಿ ಶಿಸ್ತಿನಿಂದ ಪಾಳಿಗೆ ನಿಂತವು. ಆಳು ಓಡಿಬರುವಷ್ಟರಲ್ಲಿ ಹಿಂದೆ ಇನ್ನಷ್ಟು ಗಾಡಿಗಳು ಬಂದು ನಿಂತು, ತಿರುಗಿಸುವುದಕ್ಕೂ ಜಾಗವಿರಲಿಲ್ಲ. ಮೂರು ತಾಸು ಪಾಳಿಯಲ್ಲಿ ಸರಿದು, ಗೇಟು ದಾಟಿ, ಕಾರು ತೂಕದ ಕಾಟಾದ ಮೇಲೆ ಏರಿತು.

ತೂಕದ ಗುಮಾಸ್ತ ತಲೆ ಎತ್ತದೆ ಕಬ್ಬು ಎಲ್ಲಿದೆ ಅಂತ ಕೇಳಿದನಂತೆ. ನಮ್ಮವರು, ತಾವು ಅತ್ತೆಯವರಿಗೆ ಮಾತು ಕೊಟ್ಟಲ್ಲಿಂದ ಶುರುಮಾಡಿ ಎಲ್ಲವನ್ನೂ ವಿವರಿಸಿದರಂತೆ. ಅವನು ಪೂರ್ತಿ ಕೇಳಿ, ಹೊರಗೆ ಬಿಡಬೇಕಾದರೆ ಚೀಟಿ ಬೇಕೇ ಬೇಕು ಅಂತ ಒಂದು ಚೀಟಿ ಹರಿದು ಕೊಟ್ಟ. ಅದು ಇನ್ನೂ ನಮ್ಮ ಮನೆಯಲ್ಲಿದೆ. "ಕಬ್ಬು ಇಲ್ಲ. ಮಾಸ್ತರು ಒಬ್ಬರು," ಅಂತ ಬರೆದಿದೆ.

೩. ಗೈರುಹಾಜರಿ

ನಮ್ಮ ಓಣಿಯಲ್ಲಿ ಒಬ್ಬ ಮಿಸ್ತ್ರಿ ಚಾಚಾ ಇದ್ದರು. ಬಾವಿಯ ಪಂಪು, ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ, ಎಲ್ಲಕ್ಕೂ ಅವರದೇ ಕೈ. ಅವರು ಕಾರಿನ ಎಂಜಿನ್ನನ್ನು ತಟ್ಟಿ, ಬಗ್ಗಿ, ಮೂಸಿ ನೋಡಿದರು.

"ಮಾಸ್ತರ್ರ, ಇದಕ್ಕ ಇನ್ನ ದವಾ ಇಲ್ಲ. ದುವಾ ಅಷ್ಟೇ," ಅಂತ ದೇವರ ಕಡೆ ಎರಡೂ ಕೈ ಎತ್ತಿದರು.

ನಮ್ಮವರು ಅಷ್ಟಕ್ಕೇ ಬಿಡುವವರಲ್ಲ. ಬಿಚ್ಚಿದ ಒಂದೊಂದು ಭಾಗವನ್ನೂ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಬಣ್ಣದಿಂದ ನಂಬರು ಬರೆದರು. ಹಳೆಯ ಹಾಜರಿ ಪುಸ್ತಕವೊಂದನ್ನು ಸಾಲೆಯಿಂದ ತಂದು, ದಿನಾ ಸಂಜೆ ಅಂಗಳದಲ್ಲಿ ನಿಂತು ಹಾಜರಿ ಹಿಡಿಯತೊಡಗಿದರು. ನಂಬರು ಕೂಗುವುದು ಅವರು, ಭಾಗ ಎತ್ತಿ ತೋರಿಸುವುದು ಚಾಚಾ. ಚಾಚಾರಿಗೆ ಬರೆಯಲು ಬರುತ್ತಿರಲಿಲ್ಲ, ಆದರೆ ಆ ಹೊತ್ತಿನಲ್ಲಿ ಸಾಲೆಯ ಹುಡುಗನ ಹಾಗೆ ನೆಟ್ಟಗೆ ನಿಲ್ಲುತ್ತಿದ್ದರು.

ಒಂದು ದಿನ ಮೂವತ್ತೇಳನೇ ನಂಬರು ಬರಲಿಲ್ಲ. ಎರಡನೇ ದಿನವೂ ಇಲ್ಲ. ನಮ್ಮವರಿಗೆ ಊಟ ಸೇರಲಿಲ್ಲ. ಮೂವತ್ತೇಳು ಅಂದರೆ ಏನು ಅಂತ ಕೇಳಿದೆ. ಗಾಳಿ ಸೋಸುವ ಡಬ್ಬಿಯ ಮುಚ್ಚಳ, ತಗಡಿನದು, ಇಷ್ಟು ಅಗಲ ಅಂತ ಕೈಯಲ್ಲಿ ತೋರಿಸಿದರು. ಹಾಲಿನ ಪಾತ್ರೆಗೆ ಬರೋಬ್ಬರಿ ಕೂತಿದೆಯಲ್ಲ, ಯಾರದೋ ಪುಣ್ಯ ಅಂತ ನಾನೇ ತಿಕ್ಕಿ ತೊಳೆದು ಎರಡು ದಿನದಿಂದ ಮುಚ್ಚಿಟ್ಟಿದ್ದೆ. ಮೆಲ್ಲಗೆ ತಂದು ಗೋಣಿತಟ್ಟಿನ ತುದಿಯಲ್ಲಿಟ್ಟೆ. ನಮ್ಮವರು ಅದನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, ಪುಸ್ತಕದಲ್ಲಿ ಅದರ ಮುಂದೆ "ಮನೆಗೆಲಸದ ನಿಮಿತ್ತ ರಜೆ" ಅಂತ ಬರೆದುಕೊಂಡರು.

೪. ಪಂಚಮಿಯ ಜೋಕಾಲಿ

ಹಾಜರಿ ಹಿಡಿದದ್ದೇ ಬಂತು, ಹಳೆ ಎಂಜಿನ್ ಏಳಲಿಲ್ಲ. ಅಷ್ಟರಲ್ಲಿ ಮಟಕಿ ಅನ್ನುವ ಊರಿನ ಹಿಟ್ಟಿನ ಗಿರಣಿಗೆ ಕರೆಂಟಿನ ಮೋಟಾರು ಬಂದು, ಅಲ್ಲಿನ ಡೀಸೆಲ್ ಎಂಜಿನ್ ಮೂಲೆಗೆ ಬಿದ್ದಿದೆ ಅಂತ ಚಾಚಾ ಸುದ್ದಿ ತಂದರು. ತಾನು ಜೋಳ ಬೀಸುತ್ತಿದ್ದೇನೋ ಕಾರು ಎಳೆಯುತ್ತಿದ್ದೇನೋ ಎಂಜಿನ್ನಿಗೇನು ಗೊತ್ತಾಗುತ್ತದೆ ಅನ್ನುವುದು ಅವರ ವಾದ. ನಮ್ಮವರಿಗೆ ಅದು ವಿಜ್ಞಾನಕ್ಕೆ ಒಪ್ಪುವಂತೆ ಕಂಡಿತು. ಗಿರಣಿಯ ಯಜಮಾನರು ಎಂಜಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಮಗಳನ್ನು ಒಪ್ಪಿಸುವ ಹಾಗೆ ಒಪ್ಪಿಸಿದರು. ಮುಂಜಾನೆ ತಣ್ಣಗಿದ್ದಾಗ ಅವಸರ ಮಾಡಬೇಡಿ, ಅದಕ್ಕೆ ಸಿಟ್ಟು ಬರುತ್ತದೆ ಅಂತ ಹೇಳಿ ಕಣ್ಣೊರೆಸಿಕೊಂಡರಂತೆ.

ಅಂಗಳದ ಬೇವಿನ ಮರದ ಗಟ್ಟಿ ಟೊಂಗೆಗೆ ಸರಪಳಿ ಹಾಕಿ ಎಂಜಿನ್ ಎತ್ತಿ, ಕೆಳಗೆ ಕಾರನ್ನು ನೂಕಿ ನಿಲ್ಲಿಸಿದರು. ಇಳಿಸಿ ನೋಡಿದರೆ ಎಂಜಿನ್ ಒಂದು ಗೇಣು ದೊಡ್ಡದು. ಎಂಜಿನ್ನನ್ನು ಮತ್ತೆ ಮೇಲಕ್ಕೆತ್ತಿ, ಕಾರನ್ನು ಹೊರಗೆ ನೂಕಿ, ವೆಲ್ಡಿಂಗಿನವನಿಗೆ ಹೇಳಿ ಕಳಿಸಿದರು. ಅವನು ನಾಳೆ ನಾಡಿದ್ದು ಅಂತ ಎಂಟು ದಿನ ತಳ್ಳಿದ. ಅಷ್ಟು ದಿನ ಎಂಜಿನ್ ಮರದಲ್ಲೇ ತೂಗಾಡಿತು. ಅದರ ನಡುವೆ ನಾಗರ ಪಂಚಮಿ ಬಂತು.

ಓಣಿಯ ಹೆಂಗಸರು ಪ್ರತಿ ವರ್ಷ ಜೋಕಾಲಿ ಕಟ್ಟುವುದು ಆ ಟೊಂಗೆಗೇ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಹಗ್ಗ ಹಿಡಿದು ಬಂದು ಮೇಲೆ ನೋಡಿದರು. ಒಬ್ಬ ಮುದುಕಿ ಮಾತ್ರ ಯೋಚನೆ ಮಾಡಲಿಲ್ಲ. ಪಂಚಮಿ ದಿನ ಈ ಟೊಂಗೆಗೆ ಏನು ತೂಗಿದರೂ ಅದು ಜೋಕಾಲಿಯೇ ಅಂದವಳು, ಎಂಜಿನ್ನಿಗೆ ಕುಂಕುಮ ಹಚ್ಚಿ ಎರಡೂ ಕೈಯಿಂದ ಒಂದು ಜೀಕು ಕೊಟ್ಟಳು. ಸರಪಳಿ ಕಿರುಗುಟ್ಟಿತು. ನಮ್ಮವರು ಓಡಿಬಂದು ಎಂಜಿನ್ನನ್ನು ತಬ್ಬಿಕೊಂಡರು, ತಬ್ಬಿಕೊಂಡವರು ಅದರ ಜೊತೆ ತೂಗತೊಡಗಿದರು.

ಜೋಕಾಲಿಯಲ್ಲಿ ಕೂತವರು ಒಡಪು ಹಾಕಿ ಗಂಡನ ಹೆಸರು ಹೇಳಿದರಷ್ಟೇ ಇಳಿಸುವುದು ನಮ್ಮ ಕಡೆಯ ರೂಢಿ. ಹೆಂಗಸರು ಸುತ್ತ ನಿಂತು, ಮಾಸ್ತರು ಹೆಂಡತಿಯ ಹೆಸರು ಹೇಳಲಿ, ಆಮೇಲೆ ಹಿಡಿದು ನಿಲ್ಲಿಸುತ್ತೇವೆ ಅಂದರು. ಪ್ರಾಸ ಕಟ್ಟಿ ಒಡಪು ಹೇಳುವುದು ಅವರಿಗೆಲ್ಲಿ ಬರಬೇಕು? ಕಣ್ಣು ಮುಚ್ಚಿಕೊಂಡು, ತರಗತಿಯಲ್ಲಿ ಕೂಗುವ ಹಾಗೆ, ನನ್ನ ಹೆಸರನ್ನು ಜೋರಾಗಿ ಕೂಗಿದರು. ಆರು ವರ್ಷದಲ್ಲಿ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನಾನು ಹೊಸ್ತಿಲಲ್ಲಿ ನಿಂತು "ಹಾಜರ್ ರಿ" ಅಂದೆ.

೫. ಮೂರು ಗೇರು ಒಂದು ಕಡೆ

ದಸರೆ ಮುಗಿಯುವ ಹೊತ್ತಿಗೆ ಎಂಜಿನ್ ಕೂತಿತು. ಬಾನೆಟ್ ಮುಚ್ಚಲಿಲ್ಲವೆಂದು ಚಾಚಾ ಅದರ ನಡುವೆ ಕತ್ತರಿಸಿ, ಹೊಗೆಯ ಕೊಳವೆಯನ್ನು ಮೇಲಕ್ಕೆ ಬಿಟ್ಟರು. ಹ್ಯಾಂಡಲ್ ತಿರುವಿದೊಡನೆ ಕುಕ್ ಕುಕ್ ಕುಕ್ ಅಂತ ಓಣಿಯ ಪಾತ್ರೆಗಳೆಲ್ಲ ನಡುಗಿದವು. ನಮ್ಮವರು ಒಳಗೆ ಕೂತು, ನನ್ನನ್ನು ನೋಡಿ ನಕ್ಕು, ಒಂದನೇ ಗೇರು ಹಾಕಿದರು. ಕಾರು ಹಿಂದಕ್ಕೆ ಹೋಗಿ ಬಚ್ಚಲಿನ ಗೋಡೆ ಕೆಡವಿತು.

ಎರಡನೇ ಗೇರಿಗೂ ಹಿಂದಕ್ಕೆ, ಮೂರನೆಯದಕ್ಕೂ ಹಿಂದಕ್ಕೆ. ಗಿರಣಿಯ ಎಂಜಿನ್ ತಿರುಗುವುದೇ ಉಲ್ಟಾ ಅಂತ ಆಗ ತಿಳಿಯಿತು. ಮುಂದಕ್ಕೆ ಹೋಗಬೇಕಾದರೆ ರಿವರ್ಸ್ ಗೇರು ಹಾಕಬೇಕು, ಅದೊಂದೇ. ನಮ್ಮವರು ಇಳಿದು ಕಟ್ಟೆಯ ಮೇಲೆ ತಲೆಗೆ ಕೈಕೊಟ್ಟು ಕೂತರು. ಯುಗಾದಿಯಿಂದ ದುಡಿದದ್ದು, ಕೈಯೆಲ್ಲ ಗ್ರೀಸು, ಕಣ್ಣು ಕೆಂಪಗಾಗಿತ್ತು. ಅವ್ವ ಬರದಿದ್ದರೂ ಸಾಕು, ಈ ಮನುಷ್ಯ ಹೀಗೆ ಕೂರಬಾರದು ಅಂತ ನನಗೆ ಅನ್ನಿಸಿತು.

ಚಾಚಾ ಬಂದು ಅವರ ಪಕ್ಕದಲ್ಲಿ ಕೂತರು. "ಫಿಕರ್ ಮಾಡಬ್ಯಾಡ್ರಿ ಮಾಸ್ತರ್ರ. ಹೋಗಲಿಕ್ಕ ಒಂದ ಗೇರ್ ಸಾಕು. ವಾಪಸ್ ಬರಲಿಕ್ಕ ಮೂರು ಅದಾವಲ್ಲ."

೬. ಅವ್ವ ಬಂದಳು

ನಸುಕಿನಲ್ಲಿ ಹೊರಟ ನಾವು ಮೂವರು, ನಮ್ಮವರು, ಚಾಚಾ, ನಾನು, ಗೊಬ್ಬೂರು ಮುಟ್ಟಿದಾಗ ಹೊತ್ತು ಇಳಿದಿತ್ತು. ದಾರಿಯಲ್ಲಿ ಎತ್ತಿನ ಗಾಡಿಗಳು ನಮ್ಮನ್ನು ದಾಟಿ ಹೋದವು. ಒಬ್ಬ ರೈತ ಗಾಡಿ ನಿಲ್ಲಿಸಿ, ಅವಸರವಿದ್ದರೆ ಹತ್ತಿಕೊಳ್ಳಿ ಅಂತ ಕರೆದ.

ಊರಿನಲ್ಲಿ ಮೂರು ದಿನದಿಂದ ಕರೆಂಟು ಇರಲಿಲ್ಲ, ಗಿರಣಿ ನಿಂತಿತ್ತು. ಊರಬಾಗಿಲಿನ ಅಗಸಿಯಲ್ಲಿ ನಮ್ಮ ಕುಕ್ ಕುಕ್ ಕೇಳಿದ್ದೇ, ಯಾರೋ ಡೀಸೆಲ್ ಗಿರಣಿ ತಂದರು ಅಂತ ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಬಿದ್ದರು. ಮನೆ ಮುಟ್ಟುವಷ್ಟರಲ್ಲಿ ಕಾರಿನ ಹಿಂದೆ ಪಾಳಿ ಹತ್ತಿತ್ತು. ಬಾಗಿಲಲ್ಲಿ ಅವ್ವನೂ ಬುಟ್ಟಿ ಹಿಡಿದು ನಿಂತಿದ್ದಳು. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬುಟ್ಟಿಯನ್ನು ಬಾನೆಟ್ಟಿನ ಮೇಲಿಟ್ಟು, ಸಣ್ಣಗೆ ಬೀಸಪ್ಪಾ, ಮೊಮ್ಮಕ್ಕಳು ಉಣ್ಣುವುದು ಅಂದಳು. ಆಮೇಲೆ ಅವಳ ಕೈ ದೊಡ್ಡ ದೀಪಕ್ಕೆ ತಾಗಿತು. ಕೈ ಅಲ್ಲೇ ನಿಂತಿತು. ತಲೆ ಎತ್ತಿ ಅಳಿಯನನ್ನು ಕಂಡು ಸೆರಗು ಎಳೆದುಕೊಂಡಳು.

"ಖರೇನ ನಡದು ಬಂತಲ್ಲ ಯವ್ವಾ," ಅಂತ ನನಗೆ ಮಾತ್ರ ಕೇಳುವ ಹಾಗೆ ಅಂದಳು.

ಮರುದಿನ ಅವ್ವ ತಾನು ಯಾವಾಗಲೂ ಕೂರುತ್ತಿದ್ದ ಎಡಗಡೆಯ ಮೂಲೆಯಲ್ಲಿ ಕೂತಳು. ಆ ಸಪ್ಪಳಕ್ಕೆ ನಾವೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು, ಅವಳು ಮಾತ್ರ ಊರು ದಾಟುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋದಳು. ನಮ್ಮ ಅಂಗಳದಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ದಿಗ್ಗನೆ ಎದ್ದು ಪಕ್ಕದಲ್ಲಿ ಕೈಯಾಡಿಸಿದಳು. ಅಲ್ಲಿ ಚಾಚಾರ ನೀರಿನ ಡಬ್ಬಿ ಇತ್ತು.

ನನ್ನ ಮನೆಯಲ್ಲಿ ಕೂತು ನಾನು ಬಡಿದ ರೊಟ್ಟಿ ತಿಂದಳು. ನನಗೆ ಅಳು ಬಂತು, ಅತ್ತುಬಿಟ್ಟೆ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ನಿಜ, ಅದಕ್ಕೆ ಅಳುವುದೇಕೆ ಅಂದಳು.

ಎಂಟು ದಿನ ಇರುತ್ತೇನೆಂದು ಬಂದವಳು ಮೂರನೇ ದಿನಕ್ಕೇ ಗಂಟು ಕಟ್ಟಿದಳು. ಮಲಗಿದರೆ ಕಣ್ಣು ಹತ್ತುವುದಿಲ್ಲ, ಊರಲ್ಲೂ ಅಷ್ಟೇ, ಇಲ್ಲೂ ಅಷ್ಟೇ, ಹೋಗುತ್ತೇನೆ ಅಂದಳು. ನಾನು ಏನು ಹೇಳಿದರೂ ಕೇಳಲಿಲ್ಲ. ಊಟದ ಮೇಲೆ ನಮ್ಮವರು ಮುಖ ಸಣ್ಣದು ಮಾಡಿಕೊಂಡು ಎಂಜಿನ್ ಶುರುಮಾಡಿದರು. ನಾನು ದಾರಿಗೆ ಬುತ್ತಿ ಕಟ್ಟಿಕೊಂಡು ಹೊರಗೆ ಬಂದರೆ, ಅವ್ವ ಕಟ್ಟೆಯ ಮೇಲೆ ಗಂಟಿಗೆ ತಲೆಕೊಟ್ಟು ಗಾಢ ನಿದ್ದೆಯಲ್ಲಿದ್ದಳು. ಎಂಜಿನ್ ನಿಲ್ಲಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಎರಡು ತಾಸಿನ ಮೇಲೆ ತಾನಾಗಿ ಎದ್ದು, ನನ್ನನ್ನು ಹತ್ತಿರ ಕರೆದಳು.

"ನಿಮ್ಮಪ್ಪ ಹೋದ ಮ್ಯಾಲ ಕಣ್ತುಂಬ ನಿದ್ದಿ ಬಂದಿದ್ದು ಇದರ ಸಪ್ಪಳಕ್ಕ ನೋಡು. ಥೇಟ್ ಅವರ ಗೊರಕಿನೇ ಅದ."

ಗಂಟು ಬಿಚ್ಚಿದಳು. ಆಮೇಲೆ ದಿನಾ ಊಟವಾದ ಮೇಲೆ ನಮ್ಮವರು ಅಂಗಳದಲ್ಲಿ ಎಂಜಿನ್ ಶುರುಮಾಡುವುದು, ಅವ್ವ ಕಟ್ಟೆಯ ಮೇಲೆ ಮಲಗುವುದು. ಆರು ತಿಂಗಳು ದುಡಿದು ತಾವು ಕಟ್ಟಿದ್ದು ಮಾವನ ಗೊರಕೆ ಅಂತ ತಿಳಿದು ನಮ್ಮವರಿಗೆ ಮೊದಲು ಸ್ವಲ್ಪ ಬೇಜಾರಾಯಿತು, ಆಮೇಲೆ ಹೆಮ್ಮೆಯಾಯಿತು.

ಹತ್ತನೇ ದಿನ ಓಣಿಯವರ ಕಾಟ ತಾಳಲಾರದೆ ಮಿಸ್ತ್ರಿ ಚಾಚಾ ಒಂದು ಸೈಲೆನ್ಸರ್ ಹೊತ್ತು ತಂದರು. ಇದನ್ನು ಹಾಕಿದರೆ ಸಪ್ಪಳವೇ ಇರುವುದಿಲ್ಲ ಅಂತ ಖುಷಿಯಿಂದ ಹೇಳಿದರು. ಅವ್ವ ಕಟ್ಟೆಯಿಂದ ಎದ್ದು ಹೋಗಿ ಕಾರಿಗೆ ಅಡ್ಡ ನಿಂತಳು.

"ಮೂವತ್ತು ವರ್ಷ ನಾ ಈ ಗೊರಕಿ ಬಂದ್ ಮಾಡಲಿಕ್ಕ ನೋಡೇನಿ ತಮ್ಮಾ, ಆಗಿಲ್ಲ. ಈಗ ನೀ ಬಂದ್ ಮಾಡಿ ನೋಡು, ಇವತ್ತೇ ಗೊಬ್ಬೂರಿಗೆ ಹೋಗ್ತೇನಿ."