ಹೆಚ್ಚುವರಿ ದಿನ ಊರು ನೋಡಿದ್ದು

ಒಬ್ಬಳೇ ತಿರುಗುವ ಹೆಂಗಸನ್ನು ಫಜೀತಿಗಳು ಹುಡುಕಿಕೊಂಡು ಬರುತ್ತವೆ. ನನ್ನ ಹತ್ತಿರವಂತೂ ವಿಳಾಸ ವಿಚಾರಿಸಿಕೊಂಡು ಬರುತ್ತವೆ. ಈ ಸಲದ ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಸಾಲಾಗಿ ಬಂದವು.

ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಹೊಲಿಗೆ ಟೀಚರ್. ಮನೆಯಲ್ಲಿ ಅಕ್ಕ, ನಾನು ಇಬ್ಬರೇ ಇದ್ದೆವು. "ನಾಲ್ಕು ವರ್ಷಕ್ಕೊಂದ್ಸಲ ಪುಕ್ಕಟೆ ಸಿಗೋ ದಿನ ಕಣೇ. ಅವತ್ತು ಕೆಲಸ ಮಾಡಬಾರದು, ನಮ್ಮೂರು ನೋಡ್ಕೊಂಡು ಬರಬೇಕು" ಅನ್ನುತ್ತಿದ್ದಳು ಅಕ್ಕ. ಆ ದಿನ ಬರುವ ಮೊದಲೇ ಹೋಗಿಬಿಟ್ಟಳು. ಅವಳಿಲ್ಲದ ಮನೆಯಲ್ಲಿ ಅವತ್ತು ಕೂರುವುದು ನನ್ನಿಂದಾಗುತ್ತಿರಲಿಲ್ಲ. ಕತ್ತಲಾಗುವವರೆಗೆ ಸುತ್ತಬೇಕು, ಯಾರಾದರೂ ಒಬ್ಬರ ಜೊತೆ ಕೂತು ಕಾಫಿ ಕುಡಿಯಬೇಕು. ನನಗಿದ್ದ ಆಸೆ ಇಷ್ಟೇ.

ರಜೆ

ಹೆಡ್‌ಮಿಸ್ ಹತ್ತಿರ ರಜೆ ಕೇಳಿದೆ.

"ಏನಾದ್ರೂ ಫಂಕ್ಷನ್ನಾ?"

"ಇಲ್ಲ ಮೇಡಂ, ಊರು ನೋಡೋಕೆ ಹೋಗ್ತಿದೀನಿ."

"ಒಳ್ಳೇದು. ಟ್ರೈನಾ, ಬಸ್ಸಾ?"

"ನಡ್ಕೊಂಡೇ. ಇಲ್ಲೇ ಪಕ್ಕದ ಬಸವನಗುಡಿಗೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ರೆಸ್ಟ್ ತಗೊಳ್ಳಿ. ಬೇಕಾದ್ರೆ ಎರಡು ದಿನ ತಗೊಳ್ಳಿ" ಅಂದರು.

ಅರ್ಚನೆ

ದೊಡ್ಡ ಬಸವಣ್ಣನ ಗುಡಿಯಲ್ಲಿ ಅರ್ಚಕರು "ಮನೆಯವರ ಹೆಸರೆಲ್ಲ ಹೇಳೀಮ್ಮ" ಅಂದರು. ನನ್ನ ಹೆಸರೊಂದನ್ನೇ ಹೇಳಿದೆ. ಅವರು ಕಾಯುತ್ತಲೇ ಇದ್ದರು. ಹಿಂದೆ ಅಜ್ಜಿ ಮೊಮ್ಮಕ್ಕಳ ಸಮೇತ ಒಂದು ತುಂಬಿದ ಸಂಸಾರ ನಿಂತಿತ್ತು. ನನಗೆ ನಾಚಿಕೆಯಾಯಿತು. ಹಾಲು ಹಾಕುವವರ ಹೆಸರು ಸೇರಿಸಿದೆ, ಪಕ್ಕದ ಮನೆಯವರದ್ದು ಸೇರಿಸಿದೆ, ಸಾಲದೆಂದು ನಮ್ಮ ಬೀದಿ ನಾಯಿ ರಾಜೂನನ್ನೂ ಸೇರಿಸಿದೆ.

"ರಾಜು ನಿಮ್ಮ ಮಗನಾ?"

"ಹಾಗೇ ಅಂದ್ಕೊಳ್ಳಿ."

"ಏನ್ ಮಾಡ್ಕೊಂಡಿದಾನೆ?"

"ರಾತ್ರಿ ಕಾವಲು ಕೆಲಸ."

"ಬೇಗ ಪರ್ಮನೆಂಟ್ ಆಗ್ಲಿ" ಎಂದು ಅವನ ಹೆಸರಿಗೆ ಒಂದು ಹೂವು ಜಾಸ್ತಿಯೇ ಕೊಟ್ಟರು.

ಒನ್ ಬೈ ಟೂ

ಅಕ್ಕನ ಜೊತೆ ಹೋದಾಗಲೆಲ್ಲ ಒಂದೇ ಕಾಫಿ ಹೇಳಿ ಎರಡು ಲೋಟಕ್ಕೆ ಹಾಕಿಸುತ್ತಿದ್ದೆವು. ಗಾಂಧಿಬಜಾರಿನ ಹೋಟೆಲಿನಲ್ಲಿ ಅಭ್ಯಾಸಬಲದಿಂದ "ಒನ್ ಬೈ ಟೂ" ಅಂದುಬಿಟ್ಟೆ. ಎರಡು ಲೋಟ ಬಂದವು. ಪಕ್ಕದಲ್ಲಿ ಒಬ್ಬರೇ ನಿಂತಿದ್ದ ಹಿರಿಯರಿಗೆ, "ಸರ್, ಇದೊಂದು ನೀವು ತಗೊಳ್ಳಿ, ಮಾತಾಡ್ತಾ ಕುಡಿಯೋಣ" ಅಂದೆ.

ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಬ್ಯಾಗನ್ನು ಆ ಕಡೆಯ ಕೈಗೆ ಬದಲಾಯಿಸಿಕೊಂಡರು.

"ಹಿಂಗೇ ಕಾಫಿ ಕುಡಿಸಿ ದೋಚೋದನ್ನ ಪೇಪರಲ್ಲಿ ಓದಿದೀನಮ್ಮ" ಅಂದು ಹೊರಟೇ ಹೋದರು.

ಎರಡೂ ಲೋಟ ನಾನೇ ಕುಡಿದೆ. ಅಳು ಬಂತು. ಸಕ್ಕರೆ ಮಾತ್ರ ಸರಿಯಾಗಿತ್ತು.

ವಾಕ್

ಸಂಜೆಗೆ ಕಾಲು ಸೋತು ಚಾಮರಾಜಪೇಟೆಗೆ ವಾಪಸಾದೆ. ಇನ್ನೂ ಬೆಳಕಿತ್ತು, ಮನೆಗೆ ಹೋಗಲು ಮನಸ್ಸಿರಲಿಲ್ಲ. ಅಷ್ಟರಲ್ಲಿ ಟೋಪಿ, ನೀರಿನ ಬಾಟಲಿಗಳ ಒಂದು ಗುಂಪು ಕಂಡಿತು. ಹಳೇ ಬೆಂಗಳೂರು ತೋರಿಸುವ ಸ್ಪೆಷಲ್ ವಾಕ್ ಅಂತೆ. ಜನರ ಜೊತೆ ಇದ್ದಂತಾಗುತ್ತದೆ ಎಂದು ಬಾಲಕ್ಕೆ ಸೇರಿಕೊಂಡೆ.

ಗೈಡ್ ಹುಡುಗಿ ಎರಡು ತಿರುವು ತಿರುಗಿಸಿ, ಒಂದು ಹೆಂಚಿನ ಮನೆಯ ಮುಂದೆ ನಿಲ್ಲಿಸಿದಳು. ನಮ್ಮ ಮನೆ.

"ಈ ಬೀದಿಯಲ್ಲಿ ಉಳಿದಿರೋ ಹಳೇ ಮನೆ ಇದೊಂದೇ. ಜಗಲಿ ನೋಡಿ, ಕಂಬ ನೋಡಿ. ಪಾಪ, ಈಗ ಇಲ್ಲಿ ಯಾರೂ ಇಲ್ಲ."

ಎಲ್ಲರೂ ಅಯ್ಯೋ ಅಂದರು. ನಾನೂ ಅಂದೆ. ಆಮೇಲೆ ಕೈ ಎತ್ತಿದೆ.

"ನಾನಿದೀನಿ."

"ಪ್ರಶ್ನೆಗಳು ಕೊನೇಲಿ, ಮೇಡಂ."

ಬೀಗದ ಕೈ ತೆಗೆದು ಮುಂದೆ ಹೋಗಿ ಬಾಗಿಲು ತೆರೆದೆ. "ಬನ್ನಿ, ಚಪ್ಪಲಿ ಅಲ್ಲೇ ಬಿಡಿ" ಅಂದೆ. ಗುಂಪು ಸಾಲಾಗಿ ಒಳಗೆ ಬಂತು. ಒಲೆ ಮೇಲೆ ದೊಡ್ಡ ಪಾತ್ರೆ ಇಟ್ಟೆ. ಲೋಟ ಸಾಲದೆ ಸಾರಿನ ಬಟ್ಟಲಲ್ಲೂ ಕಾಫಿ ಕೊಟ್ಟೆ. ಕೂರಲು ಜಾಗವಿಲ್ಲದೆ ಅಕ್ಕನ ಮಂಚದ ಮೇಲೂ ಕೂತರು, ನಾನೂ ಅವರ ಮಧ್ಯೆ ಕೂತೆ. ಒಬ್ಬಾಕೆ ನನ್ನ ಹೊಲಿಗೆ ಮಷೀನಿನ ಫೋಟೋ ತೆಗೆದು, "ಮುಟ್ಟಬಹುದಾ?" ಅಂತ ಪಿಸುಗುಟ್ಟಿದರು. ಹಿಂದಿನ ದಿನ ಅದರಲ್ಲೇ ದಿಂಬಿನ ಕವರು ಹೊಲಿದಿದ್ದೆ.

ಹೊರಡುವಾಗ ಒಬ್ಬ ಯಜಮಾನರು ಜಗಲಿಯಲ್ಲಿ ಶೂ ಹಾಕಿಕೊಳ್ಳುತ್ತಾ ಗಂಭೀರವಾಗಿ ಕೇಳಿದರು.

"ಬಹಳ ಚೆನ್ನಾಗಿ ಇಟ್ಕೊಂಡಿದೀರಿ. ಇದು ಯಾವ್ಯಾವ ದಿನ ಓಪನ್ ಇರುತ್ತೆ?"

"ದಿನಾ ಓಪನ್ ಸರ್" ಅಂದೆ. "ಜನ ಬರದೆ ಇವತ್ತಿನವರೆಗೂ ಮುಚ್ಚಿತ್ತು, ಅಷ್ಟೇ."